ಕೀ ತೆಗೆದ ಮೇಲೂ

ಅಕ್ಕ ಮದುವೆಯಾದಾಗ ಅವಳಿಗೆ ಐವತ್ತು ದಾಟಿತ್ತು. ತಮ್ಮನ ತಲೆಯೂ ಅರ್ಧ ನರೆತಿತ್ತು. ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಮುಗಿದ ಮಾರನೆಯ ದಿನ ಅವಳ ಹೊಲಿಗೆ ಯಂತ್ರವನ್ನು ಅವನೇ ಹೊತ್ತು ಇಳಿಸಿ ವ್ಯಾನಿಗೇರಿಸಿದ, ಹಗ್ಗ ಬಿಗಿದ, ಗಂಟು ನಿಂತಿದೆಯೇ ಎಂದು ಜಗ್ಗಿ ನೋಡಿದ. ಎಲ್ಲರ ಜೊತೆ ನಕ್ಕ. ವ್ಯಾನು ತಿರುವಿನಲ್ಲಿ ಮರೆಯಾದ ಮೇಲೆ ಮಹಡಿ ಹತ್ತಿ ಬಂದು ಬಾಗಿಲು ಹಾಕಿಕೊಂಡಾಗ ಮನೆ ತಾನು ತಿಳಿದದ್ದಕ್ಕಿಂತ ದೊಡ್ಡದಾಗಿತ್ತು.

ಅಪ್ಪ ಅಮ್ಮ ಬೇಗ ಹೋದವರು. ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ್ದು ಅಕ್ಕ, ಪರದೆ ಅಂಗಡಿಯೊಂದರಲ್ಲಿ ಕಿಟಕಿ ಪರದೆ ಹೊಲಿದು. ಅವನು ಕನ್ನಡಕದ ಅಂಗಡಿ ಸೇರಿ ಗಾಜು ಅರೆದು ಫ್ರೇಮಿಗೆ ಕೂರಿಸುವುದನ್ನು ಕಲಿತ. ಅವನಿಗೂ ಒಂದೆರಡು ಕಡೆ ಮದುವೆಯ ಮಾತುಕತೆ ನಡೆದು ಮುರಿದುಬಿತ್ತು. ಆಮೇಲೆ ಯಾರೂ ಕೇಳಲಿಲ್ಲ, ಅವನೂ ಎತ್ತಲಿಲ್ಲ. ಕಡ್ಡಿಯಂತಿದ್ದ ಅವನನ್ನು ಅಕ್ಕ ಮೊದಲಿನಿಂದಲೂ ಗುಂಡ ಅನ್ನುತ್ತಿದ್ದಳು. ಹಾಗೆ ಕರೆಯುವವರು ಲೋಕದಲ್ಲಿ ಅವಳೊಬ್ಬಳೇ.

ಭಾವ ಮೋಟಾರು ವೈಂಡಿಂಗ್ ಕೆಲಸದವರು. ಹೆಂಡತಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಪರದೆ ಅಂಗಡಿಯ ಯಂತ್ರದ ಮೋಟಾರು ಸುಟ್ಟಾಗ ಬೇರೆ ಊರಿಂದ ಬಂದು ರಿಪೇರಿ ಮಾಡಿಕೊಟ್ಟು ಹೋದವರು ಮತ್ತೆ ಬಂದರು, ಮತ್ತೆ ಬಂದರು. ಇಷ್ಟು ಸಲ ಕೆಡುವ ಮೋಟಾರು ಎಲ್ಲೂ ಇಲ್ಲ ಎಂದು ಅಂಗಡಿಯ ಹೆಂಗಸರೆಲ್ಲ ಮುಸಿಮುಸಿ ನಗುತ್ತಿದ್ದರಂತೆ. ತಮ್ಮನಿಗೆ ಗೊತ್ತಾಗಿದ್ದು ಎಲ್ಲರಿಗಿಂತ ಕಡೆಗೆ. ಗೊತ್ತಾದ ದಿನ ಅವನು ‘ಒಳ್ಳೇದಾಯ್ತು’ ಅಂದ. ಸುಳ್ಳೇನಲ್ಲ. ಆದರೆ ಅನ್ನುವಾಗ ಅಕ್ಕನ ಮುಖ ನೋಡಲಿಲ್ಲ.

ಅಕ್ಕನ ಊರಿಗೆ ಎರಡು ಬಸ್ಸು ಬದಲಿಸಬೇಕು, ಅರ್ಧ ದಿನ ದಾರಿಯಲ್ಲೇ ಕಳೆಯುತ್ತದೆ. ಪ್ರತಿ ಭಾನುವಾರ ಹೋಗಿಬರುತ್ತೇನೆ ಎಂದು ಅವನು ಒಂದು ಹಳೆಯ ಮೋಟಾರ್ ಸೈಕಲ್ ಕೊಂಡ. ನೀರಿನಿಂದ ಎಂಜಿನ್ ತಂಪು ಮಾಡುವ ಜಾತಿಯದು. ಮುಂದೆ ರೇಡಿಯೇಟರ್, ಅದರ ಬೆನ್ನಿಗೆ ಅಂಗೈಯಗಲದ ಪುಟ್ಟ ಫ್ಯಾನು. ಕೊಂಡಿದ್ದೇನೋ ಕೊಂಡ, ಹೋಗಲಿಲ್ಲ. ಒಂದು ಭಾನುವಾರ ನೆಗಡಿ, ಇನ್ನೊಂದು ಭಾನುವಾರ ಅಂಗಡಿಯ ಲೆಕ್ಕ, ಮತ್ತೊಂದು ಭಾನುವಾರ ಯಾವ ನೆಪವೂ ಸಿಗದೆ ಸುಮ್ಮನೆ ಚಾದರ ಹೊದ್ದು ಮಲಗಿದ. ತನ್ನ ಅಕ್ಕನ ಮನೆಯಲ್ಲಿ ಚಪ್ಪಲಿ ಎಲ್ಲಿ ಬಿಡಬೇಕು ಎಂದು ಕೇಳಬೇಕಾಗುತ್ತದಲ್ಲ, ಆ ಯೋಚನೆಯೇ ಅವನ ಕಾಲು ಹಿಡಿದೆಳೆಯುತ್ತಿತ್ತು.

ಗಾಡಿಯನ್ನು ಅಂಗಡಿಗೆ ಓಡಿಸುತ್ತಿದ್ದ. ಸಂಜೆ ತಂದು ಕಟ್ಟಡದ ಮೆಟ್ಟಿಲ ಕೆಳಗೆ ನಿಲ್ಲಿಸಿ, ಹ್ಯಾಂಡಲ್ ಲಾಕ್ ಮಾಡಿ, ಕೀ ತೆಗೆದು ಮೇಲೆ ಹೋಗುವುದು. ಹಾಗೆ ಹೋದ ಒಂದು ಸಂಜೆ ಕೆಳಗಿನ ಮನೆಯ ಡ್ರಾಯಿಂಗ್ ಟೀಚರು ಬಾಗಿಲು ತಟ್ಟಿದರು. ನಿವೃತ್ತರಾದವರು, ಮಾತಿಗೆ ಮುಂಚೆ ಕೆಮ್ಮುವ ಅಭ್ಯಾಸ.

“ನಿಮ್ಮ ಗಾಡಿಗೆ ಏದುಸಿರು ಹತ್ತಿದೆ, ಬಂದು ನೋಡಿ” ಅಂದರು.

ಇಳಿದು ನೋಡಿದರೆ ಕೀ ಅವನ ಜೇಬಿನಲ್ಲಿದೆ, ಫ್ಯಾನು ಮಾತ್ರ ತಿರುಗುತ್ತಲೇ ಇದೆ. ಎಂಜಿನ್ ಮುಟ್ಟಿದ; ಆರಿ ತಣ್ಣಗಾಗಿತ್ತು. ಏನು ಮಾಡಬೇಕೆಂದು ತಿಳಿಯದೆ ಟೀಚರು ಅದನ್ನು, ಅವನು ಟೀಚರನ್ನು ನೋಡುತ್ತ ನಿಂತರು. ಬೆಳಗ್ಗೆ ಬ್ಯಾಟರಿ ಸತ್ತಿತ್ತು.

ಮೂಲೆಯ ಮೆಕ್ಯಾನಿಕ್ ಗಾಡಿ ತಳ್ಳಿಸಿಕೊಂಡು ಹೋಗಿ ಚಾರ್ಜು ಮಾಡಿ ನೋಡಿದ. “ಬಿಸಿ ಗಾಡಿ ನಿಲ್ಲಿಸಿದ ಮೇಲೂ ಫ್ಯಾನು ಸ್ವಲ್ಪ ಹೊತ್ತು ತಿರುಗುತ್ತೆ ಸಾರ್. ಒಳಗಿನ ನೀರು ತಣ್ಣಗಾಗಬೇಕಲ್ಲ. ಅದು ಕಾಯಿಲೆ ಅಲ್ಲ, ಅದರ ಗುಣ.”

“ತಣ್ಣಗಾದ ಮೇಲೂ ತಿರುಗ್ತಿತ್ತು.”

“ಈಗ ತಿರುಗ್ತಿಲ್ಲವಲ್ಲ.”

ತಿರುಗುತ್ತಿರಲಿಲ್ಲ, ನಿಜ. ಓಡಿಸಿ, ಕಾಯಿಸಿ, ನಿಲ್ಲಿಸಿದರೂ ಫ್ಯಾನು ಒಳ್ಳೆಯ ಮಗುವಿನಂತೆ ತುಸು ತಿರುಗಿ ನಿಂತಿತು. ಆದರೂ ಇರಲಿ ಎಂದು ಮೆಕ್ಯಾನಿಕ್ ರಿಲೇ ಅನ್ನುವ ಕಪ್ಪು ಡಬ್ಬಿಯೊಂದನ್ನು ಬದಲಿಸಿದ. ಫ್ಯಾನಿಗೆ ಕರೆಂಟು ಬಿಡುವ, ಕಟ್ಟುವ ಕೆಲಸ ಅದರದಂತೆ. ಒಂದೆರಡು ದಿನ ಸುಮ್ಮನಿದ್ದ ಫ್ಯಾನು ಮತ್ತೆ ಸಂಜೆ ಮೆಟ್ಟಿಲ ಕೆಳಗೆ ಶುರುವಿಟ್ಟುಕೊಂಡಿತು.

ಅಲ್ಲಿಂದ ಅವನ ಸಂಜೆಗಳು ಬದಲಾದವು. ಗಾಡಿ ನಿಲ್ಲಿಸಿ ನೇರ ಮೇಲೆ ಹೋಗುವಂತಿಲ್ಲ. ಮೆಟ್ಟಿಲ ಮೇಲೆ ಕೂತು ಫ್ಯಾನು ನಿಲ್ಲುತ್ತದೋ ಇಲ್ಲವೋ ಎಂದು ಕಾಯುವುದು. ನಿಲ್ಲದಿದ್ದರೆ ಸೀಟು ಎತ್ತಿ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಳ್ಳುವುದು. ಮೊದಮೊದಲು ಸಿಡುಕಿಕೊಂಡು ಕೂರುತ್ತಿದ್ದ. ಆಮೇಲಾಮೇಲೆ ಫ್ಯಾನಿನ ಸದ್ದು ಕೇಳುತ್ತ ಕೂತರೆ ಎದ್ದು ಹೋಗುವ ಮನಸ್ಸೇ ಆಗುತ್ತಿರಲಿಲ್ಲ. ಮೇಲೆ ಹೋಗಿ ಮಾಡುವುದಾದರೂ ಏನಿತ್ತು? ಅಂಗಡಿಯಲ್ಲಿ ಹಗಲೆಲ್ಲ ‘ಇದು ಸರಿ ಕಾಣುತ್ತಾ, ಇದು?’ ಎಂದು ಗಿರಾಕಿಗಳ ಕಣ್ಣಿಗೆ ಕಣ್ಣಿಟ್ಟು ಮಾತಾಡಿ ಬರುವವನು, ಸಂಜೆ ಕತ್ತಲಾದ ಮೇಲೆ ಬೆಳಗಿನವರೆಗೆ ಒಂದು ಮಾತೂ ಆಡುತ್ತಿರಲಿಲ್ಲ. ಮೆಟ್ಟಿಲ ಮೇಲಾದರೆ ಹೋಗುವವರು ಬರುವವರು ‘ಇನ್ನೂ ಸರಿಯಾಗಿಲ್ವಾ?’ ಎಂದು ಕೇಳಿ ಹೋಗುತ್ತಿದ್ದರು.

ಅಕ್ಕ ಫೋನು ಮಾಡಿದಾಗ ಅವನು ಅಲ್ಲೇ ಕೂತಿದ್ದ.

“ಬರ್ತೀನಿ ಬರ್ತೀನಿ ಅಂತೀಯ, ಗಾಡಿ ತಗೊಂಡು ಪೂಜೆಗಿಟ್ಟಿದ್ದೀಯಾ ಗುಂಡ?”

“ಗಾಡಿ ಸರಿ ಇಲ್ಲ ಅಕ್ಕ.” ನೆಪ ತಾನಾಗೇ ಬಾಯಿಗೆ ಬಂತು. ಈ ಸಲ ಅದು ನಿಜವೂ ಆಗಿತ್ತು.

“ಏನಾಗಿದೆ?”

“ಫ್ಯಾನು ನಿಲ್ಲೋದಿಲ್ಲ. ಕೀ ತೆಗೆದ ಮೇಲೂ ತಿರುಗ್ತಾನೇ ಇರುತ್ತೆ.”

“ಇರು, ಇವರಿಗೆ ಕೊಡ್ತೀನಿ.”

ಬೇಡ ಅನ್ನುವಷ್ಟರಲ್ಲಿ ಭಾವ ಫೋನಿನಲ್ಲಿದ್ದರು. ಅವರಿಬ್ಬರ ನಡುವೆ ಅಲ್ಲಿಯವರೆಗೆ ನಡೆದಿದ್ದೆಲ್ಲ ‘ಊಟ ಆಯ್ತಾ’, ‘ಆಯ್ತು, ನಿಮ್ಮದು?’ ಅಷ್ಟೇ. ಈಗ ಭಾವ ಗಂಟಲು ಸರಿಮಾಡಿಕೊಂಡು, “ಹೇಳಿ, ಈಗ ತಿರುಗ್ತಿದೆಯಾ?” ಅಂದರು.

“ತಿರುಗ್ತಿದೆ.”

“ರೇಡಿಯೇಟರ್ ಪಕ್ಕದಲ್ಲಿ ಒಂದು ಸ್ವಿಚ್ಚು ಇರುತ್ತೆ, ಹಿತ್ತಾಳೆದು. ನೀರು ಕಾದರೆ ಅದು ರಿಲೇಗೆ ಹೇಳುತ್ತೆ, ರಿಲೇ ಫ್ಯಾನಿಗೆ ಹೇಳುತ್ತೆ. ಆ ಸ್ವಿಚ್ಚಿನ ವೈರು ಕಿತ್ತು ನೋಡಿ. ನಿಂತರೆ ಸ್ವಿಚ್ಚಿನ ತಪ್ಪು.”

ಫೋನನ್ನು ಮೆಟ್ಟಿಲ ಮೇಲಿಟ್ಟು ಅವನು ಬಗ್ಗಿ ವೈರು ಕಿತ್ತ. ಫ್ಯಾನು ನಿಲ್ಲಲಿಲ್ಲ.

“ನಿಲ್ಲಲಿಲ್ಲ ಭಾವ.”

“ಸ್ವಿಚ್ಚು ಪಾಪ, ನಿರಪರಾಧಿ. ರಿಲೇ ಕಿತ್ತು ನೋಡಿ.”

ಹೆಡ್‌ಲೈಟಿನ ಹಿಂದೆ ಕೈ ತೂರಿಸಿ ಕಪ್ಪು ಡಬ್ಬಿ ಎಳೆದ. ಫ್ಯಾನು ನಿಂತಿತು. ಆ ನಿಶ್ಶಬ್ದ ಅವನಿಗೆ ಹಿಡಿಸಲಿಲ್ಲ. “ನಿಂತಿತು. ಆದರೆ ಈ ರಿಲೇ ಹೊಸದು.”

“ಹೊಸದಾ?” ಅಂದರು ಭಾವ. ಆಮೇಲೆ, “ಹಾಗಾದ್ರೆ ರಿಲೇಗೆ ಯಾರೋ ಸುಳ್ಳು ಹೇಳ್ತಿದ್ದಾರೆ. ಸ್ವಿಚ್ಚಿಂದ ರಿಲೇವರೆಗೆ ಬರೋ ವೈರು ದಾರಿ ಮಧ್ಯೆ ಎಲ್ಲೋ ಚರ್ಮ ಸುಲಿದು ಗಾಡಿಯ ಮೈಗೆ ತಾಗ್ತಿದೆ. ಇದು ಫೋನಿನಲ್ಲಿ ಆಗೋ ಕೆಲಸ ಅಲ್ಲ. ಭಾನುವಾರ ತಂದುಬಿಡಿ” ಅಂದರು.

ಹಿಂದಿನಿಂದ ಅಕ್ಕನ ದನಿ ಕೇಳಿತು: “ತರ್ತಾನಂತಾ?”

ತರದೆ ಇರಲು ಅವನ ಬಳಿ ಇನ್ನು ಯಾವ ನೆಪವೂ ಉಳಿದಿರಲಿಲ್ಲ.

ಭಾನುವಾರ ಬೆಳಗ್ಗೆ ಹೊರಟ. ಲಾರಿಗಳ ಹಿಂದೆ ಹೊಗೆ ಕುಡಿಯುತ್ತ, ಬಯಲಿನ ಗಾಳಿಗೆ ಕಣ್ಣಲ್ಲಿ ನೀರು ಸುರಿಸುತ್ತ, ನಡುವೆ ಒಂದು ಕಡೆ ಚಹಾ ಕುಡಿದು ಹೋದ. ಭಾವನ ಮನೆ ಒಂದು ಗಲ್ಲಿಯ ಒಳಗೆ. ಮುಂದೆ ಅಂಗಡಿ, ಹಿಂದೆ ಎರಡು ಕೋಣೆ, ನಡುವೆ ಗೋಡೆ ಕಟ್ಟಿದ ಸಣ್ಣ ಅಂಗಳ. ಅಂಗಡಿಯ ತುಂಬ ಹೊಟ್ಟೆ ಬಗಿದ ಮೋಟಾರುಗಳು, ಗೋಡೆಯಲ್ಲಿ ಮೊಳೆಗೆ ನೇತು ಹಾಕಿದ ತಾಮ್ರದ ತಂತಿಯ ಸುರುಳಿಗಳು, ವಾರ್ನಿಷಿನ ವಾಸನೆ. ಆದರೆ ಅಂಗಡಿಯಿಂದ ಒಳಗೆ ಹೋಗುವ ಬಾಗಿಲಿಗೆ ಹಸಿರು ಪರದೆ. ಅದರ ಅಂಚಿನ ಹೊಲಿಗೆ ನೋಡಿದರೆ ಸಾಕು, ಯಾರ ಕೈಯದೆಂದು ಅವನಿಗೆ ಗೊತ್ತಾಗುತ್ತಿತ್ತು.

ಪರದೆ ಸರಿಸಿ ಅಕ್ಕ ಬಂದಳು. “ಇಷ್ಟು ಇಳಿದುಹೋಗಿದ್ದೀಯಲ್ಲೋ. ಗಾಳಿಗೆ ಹಾರಿಹೋಗದೆ ಹೆಂಗೆ ಬಂದೆ?” ಅಂದಳು.

ಅವನ ಕಣ್ಣು ಅವಳ ಕನ್ನಡಕದ ಮೇಲೆ ನಿಂತಿತ್ತು. ಹೊಸದು. ಕಂದು ಫ್ರೇಮು, ತೆಳು ಕಡ್ಡಿ. ಅವಳಿಗೆ ಮೊದಲ ಸಲ ಕಣ್ಣು ಮಂಜಾದಾಗಿನಿಂದ ಅವಳ ಕನ್ನಡಕ ಅವನು ಮಾಡಿದ್ದೇ ಹೊರತು ಬೇರೆಯವರದಲ್ಲ.

“ಯಾವಾಗ ಮಾಡಿಸಿದೆ?”

ಅವಳ ಕೈ ಕನ್ನಡಕಕ್ಕೆ ಹೋಯಿತು. “ಹಳೇದರ ಮೇಲೆ ಕೂತುಬಿಟ್ಟೆ ಕಣೋ. ನಿನಗೆ ಹೇಳಿದ್ರೆ ಅದಕ್ಕೋಸ್ಕರ ಅಂಗಡಿ ಬಿಟ್ಟು ಓಡಿ ಬರ್ತಿದ್ದೆ.”

“ಬರ್ತಿದ್ದೆ.”

“ಅದಕ್ಕೇ ಹೇಳಲಿಲ್ಲ.”

ಕೊಡು ಇಲ್ಲಿ ಎಂದು ಇಸಿದುಕೊಂಡು ಬೆಳಕಿಗೆ ಹಿಡಿದ. ಗಾಜಿನ ಅಂಚು ಸವರಿದ, ಕಡ್ಡಿ ಮಡಚಿ ಬಿಡಿಸಿದ, ಮೂಗಿನ ಮೇಲೆ ಕೂರುವ ದಿಂಬುಗಳನ್ನು ಒತ್ತಿ ನೋಡಿದ. ಕೆಲಸ ಚೆನ್ನಾಗಿತ್ತು. ಹುಳುಕು ಹುಡುಕುತ್ತಿದ್ದೇನೆ ಎಂದು ಅವನಿಗೇ ನಾಚಿಕೆಯಾಯಿತು, ಆದರೂ ಹುಡುಕಿದ. ಸಿಗಲಿಲ್ಲ. ತನ್ನ ಅಂಗಿಯ ತುದಿಯಿಂದ ಗಾಜು ಒರೆಸಿ ಹಿಂದಕ್ಕೆ ಕೊಟ್ಟ.

ಗಾಡಿಯನ್ನು ಅಂಗಳದ ಒಳಗೆ ನಿಲ್ಲಿಸಿದ್ದರು. ಕೀ ತೆಗೆದರೆ ಫ್ಯಾನು ಸ್ವಲ್ಪ ತಿರುಗಿ ನಿಂತುಬಿಟ್ಟಿತು. ಭಾವ ಮತ್ತೆ ಎಂಜಿನ್ ಚಾಲು ಮಾಡಿ ಕಾಯಿಸಿದರು, ಆರಿಸಿದರು. ಮತ್ತೆ ನಿಂತಿತು. ವೈರುಗಳನ್ನು ಒಂದೊಂದಾಗಿ ಅಲ್ಲಾಡಿಸಿದರು. ಏನೂ ಇಲ್ಲ.

“ಅಲ್ಲಿ ತಿರುಗ್ತಿತ್ತು” ಅಂದ ಅವನು.

ಅಕ್ಕ ನಕ್ಕಳು. “ಚಿಕ್ಕವನಿದ್ದಾಗ ಇವನೂ ಹಂಗೇ. ಮನೇಲಿ ಮೈ ಸುಡೋ ಜ್ವರ, ಡಾಕ್ಟರ ಮುಂದೆ ಕೂರಿಸಿದ್ರೆ ಮೈ ತಣ್ಣಗೆ.”

ಭಾವನೂ ನಕ್ಕರು. ಅವನಿಗೆ ಮುಖ ಎಲ್ಲಿಡುವುದೋ ತಿಳಿಯಲಿಲ್ಲ. ಇಲ್ಲದ ಕಾಯಿಲೆ ಹೇಳಿಕೊಂಡು ಇಷ್ಟು ದೂರ ಬಂದವನಂತೆ ಅವರಿಗೆ ಕಂಡೆನೋ ಏನೋ ಅನ್ನಿಸಿತು.

ಊಟಕ್ಕೆ ಕೂತರು. ಅಕ್ಕ ಅವನಿಗೆ ಮೊದಲು ಬಡಿಸಿದಳು, ಹೊಸ ತಟ್ಟೆಯಲ್ಲಿ. ಮನೆಯಲ್ಲಿ ಅವರು ಯಾವತ್ತೂ ಪಾತ್ರೆ ನಡುವೆ ಇಟ್ಟುಕೊಂಡು ತಾವೇ ಹಾಕಿಕೊಳ್ಳುತ್ತಿದ್ದವರು. ಊಟದ ನಡುವೆ ಭಾವ ಏನೋ ಹುಡುಕುವವರಂತೆ ಸುತ್ತ ನೋಡಿ, “ಇವತ್ತೂ ಅದೇನಾ?” ಅಂದರು. ಅಕ್ಕ, “ಸುಮ್ನೆ ತಿನ್ನಿ” ಅಂದು ಬಾಯಿಗೆ ಸೆರಗು ಅಡ್ಡ ಹಿಡಿದು ನಗಲು ಶುರುಮಾಡಿದವಳು ನಿಲ್ಲಿಸಲಾರದೆ ಎದ್ದು ಒಳಗೆ ಹೋದಳು. ಏನು ವಿಷಯ ಎಂದು ಅವನಿಗೆ ತಿಳಿಯಲಿಲ್ಲ. ಕೇಳಲೂ ಇಲ್ಲ. ತಿಳಿದವನಂತೆ ಮುಗುಳ್ನಕ್ಕು ಅನ್ನ ಕಲಸಿದ. ಇಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದರೂ ಅವಳು ಹಾಗೆ ನಕ್ಕಿದ್ದನ್ನು ಅವನು ಕೇಳಿರಲಿಲ್ಲ. ಅವಳು ಚೆನ್ನಾಗಿದ್ದಾಳೆ ಎನ್ನುವುದು ಆಗ ಖಾತ್ರಿಯಾಯಿತು. ಅದನ್ನೇ ಬಯಸಿದ್ದ. ಆದರೂ ಅವಳು ಹಿಂದಿರುಗಿ ಬಡಿಸಲು ಬಗ್ಗಿದಾಗ ತಟ್ಟೆಗೆ ಕೈ ಅಡ್ಡ ಹಿಡಿದ.

ಮಧ್ಯಾಹ್ನ ಯಾರೋ ತಳ್ಳುಗಾಡಿಯಲ್ಲಿ ದೊಡ್ಡ ನೀರೆತ್ತುವ ಪಂಪು ತಂದರು. ಒಳಗೆ ಇಳಿಸಲು ಜಾಗ ಬೇಕೆಂದು ಅವನು ಗಾಡಿಯನ್ನು ಹೊರಗೆ ಗಲ್ಲಿಗೆ ತಳ್ಳಿ ನಿಲ್ಲಿಸಿದ. ಬೀದಿಯಲ್ಲವೇ ಎಂದು ಹ್ಯಾಂಡಲ್ ಎಡಕ್ಕೆ ತಿರುಗಿಸಿ ಲಾಕ್ ಮಾಡಿ ಒಳಗೆ ಬಂದ.

“ಗುಂಡ, ಏನದು ಸದ್ದು?” ಅಂದಳು ಅಕ್ಕ.

ಮೂವರೂ ಸುಮ್ಮನಾದರು. ಹೊರಗೆ, ಊಟಕ್ಕೆ ಮುಂಚಿನಿಂದ ಆರಿ ತಣ್ಣಗಿದ್ದ ಗಾಡಿಯಲ್ಲಿ, ಫ್ಯಾನು ತಿರುಗುತ್ತಿತ್ತು. ಹೊಲಿಗೆ ಯಂತ್ರದ ಮುಂದೆ ಬದುಕು ಸವೆಸಿದ ಕಿವಿ ಅವಳದು.

ಭಾವ ಪಂಪನ್ನು ಬಿಟ್ಟು ಎದ್ದರು. ಗಾಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, “ಹೊರಗೆ ತರೋವಾಗ ಏನು ಮಾಡಿದ್ರಿ?” ಅಂದರು.

“ಏನೂ ಇಲ್ಲ. ತಳ್ಳಿದೆ, ನಿಲ್ಲಿಸಿದೆ, ಲಾಕ್ ಮಾಡಿದೆ.”

“ಲಾಕ್ ತೆಗೆಯಿರಿ.”

ತೆಗೆದ.

“ಹ್ಯಾಂಡಲ್ ನೆಟ್ಟಗೆ ಮಾಡು.”

ಮಾಡಿದ. ಫ್ಯಾನು ನಿಂತಿತು.

“ಎಡಕ್ಕೆ ತಿರುಗಿಸು. ಪೂರ್ತಿ.”

ಫ್ಯಾನು ತಿರುಗಿತು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೆಟ್ಟಿಲ ಕೆಳಗೆ ಅವನು ದಿನಾ ಲಾಕ್ ಮಾಡುತ್ತಿದ್ದ. ಹ್ಯಾಂಡಲ್ ಪೂರ್ತಿ ಎಡಕ್ಕೆ ಹೊರಳಿದಾಗ ವೈರು ಒಂದೊಂದು ಸಲ ತಾಗುತ್ತಿತ್ತು, ಒಂದೊಂದು ಸಲ ಕೂದಲೆಳೆಯಲ್ಲಿ ತಪ್ಪುತ್ತಿತ್ತು. ಮೆಕ್ಯಾನಿಕ್ಕಿನ ಶೆಡ್ಡಿನಲ್ಲಿ, ಈ ಅಂಗಳದಲ್ಲಿ, ಯಾರೂ ಲಾಕ್ ಮಾಡಿರಲಿಲ್ಲ.

ಹೆಡ್‌ಲೈಟು ಬಿಚ್ಚಿ ಟಾರ್ಚು ಹಿಡಿದಾಗ ಗಾಯ ಕಣ್ಣಿಗೆ ಬಿತ್ತು. ಹ್ಯಾಂಡಲಿನ ಕುತ್ತಿಗೆಯ ಹತ್ತಿರ ಹಸಿರು ವೈರೊಂದರ ಚರ್ಮ ಉಜ್ಜಿ ಉಜ್ಜಿ ಸವೆದು ಒಳಗಿನ ತಾಮ್ರ ಇಣುಕುತ್ತಿತ್ತು. ಆಮೇಲೆ ಇಬ್ಬರಿಗೂ ಮಾತು ಬೇಕಾಗಲಿಲ್ಲ. ‘ಹಿಡ್ಕೋ’, ‘ಬಿಡು’, ‘ಇನ್ನೊಂಚೂರು ಎಳಿ’ ಅನ್ನುತ್ತ ಭಾವ ಬೆಸುಗೆ ಹಾಕಿದರು, ವೈರಿಗೆ ಸಣ್ಣ ರಬ್ಬರ್ ಕೊಳವೆ ತೊಡಿಸಿದರು. ಮೇಲಿಂದ ಟೇಪು ಸುತ್ತಿದ್ದು ಅವನು. ಕಿರಿದಾದ ಜಾಗದಲ್ಲಿ ಕೈ ಆಡಿಸಿ ರೂಢಿಯಿದ್ದುದರಿಂದ ಸುತ್ತು ಒಂದರ ಮೇಲೊಂದು ನುಣ್ಣಗೆ ಕೂತಿತು. “ಕೈ ಶುದ್ಧವಾಗಿದೆ” ಅಂದರು ಭಾವ. ಆ ಹೊತ್ತಿನಲ್ಲಿ ಅವನಿಗೆ ಅಕ್ಕನ ನೆನಪೂ ಇರಲಿಲ್ಲ, ತಾನು ಬೇರೆ ಊರಿನವನೆಂಬುದೂ ಇರಲಿಲ್ಲ.

ಹೆಡ್‌ಲೈಟು ಮತ್ತೆ ಕೂರಿಸಿ ಲಾಕ್ ಮಾಡಿದರು. ಫ್ಯಾನು ಅಲ್ಲಾಡಲಿಲ್ಲ. ಕೆಲಸ ಮುಗಿದಿತ್ತು.

“ಇವತ್ತು ಇದ್ದು ನಾಳೆ ಹೋಗು” ಅಂದಳು ಅಕ್ಕ.

“ನಾಳೆ ಬೆಳಗ್ಗೆ ಗಿರಾಕಿ ಬರ್ತಾರೆ.”

ಅವಳು ಇನ್ನೊಂದು ಸಲ ಒತ್ತಾಯ ಮಾಡಿದ್ದರೆ ಅವನು ಉಳಿಯುತ್ತಿದ್ದ. ಅವಳು ಅವನನ್ನು ನೋಡಿ, ತಲೆಯಾಡಿಸಿ, ಒಂದು ಡಬ್ಬಿಯಲ್ಲಿ ಊಟ ತುಂಬಿ ಕೊಟ್ಟಳು. ಗಲ್ಲಿಯ ತುದಿಯವರೆಗೆ ಜೊತೆಯಲ್ಲಿ ನಡೆದು ಬಂದಳು.

“ಸರಿ ಉಣ್ತೀಯೋ ಇಲ್ವೋ?” ಅಂದಳು ತಗ್ಗಿದ ದನಿಯಲ್ಲಿ.

“ಉಣ್ತೀನಿ.”

“ನಾನು ಅಲ್ಲಿಂದ ಬಂದಿದ್ದು ತಪ್ಪಾಯ್ತಾ?”

“ಏನು ಮಾತು ಅಂತ ಆಡ್ತೀಯಾ ಅಕ್ಕ.”

“ಕೇಳಿದೆ ಅಷ್ಟೇ.” ಅವಳು ಅವನ ಅಂಗಿಯ ಕಾಲರು ಸರಿಮಾಡಿದಳು. “ಬರ್ತಿರು.”

ದಾರಿಯುದ್ದಕ್ಕೂ ಆ ಎರಡು ಮಾತನ್ನೇ ತಲೆಯಲ್ಲಿ ತಿರುವಿ ಹಾಕುತ್ತ ಬಂದ. ತಪ್ಪಾಯ್ತಾ ಎಂದು ಕೇಳಿದಾಗ ‘ಇಲ್ಲ’ ಎಂದು ನೇರ ಹೇಳಬಹುದಿತ್ತು. ಯಾಕೆ ಹೇಳಲಿಲ್ಲವೋ. ಹೇಳಿದ್ದರೆ ಅವಳು ಹಗುರಾಗಿ ಮನೆಗೆ ನಡೆಯುತ್ತಿದ್ದಳು. ಒಂದು ಕಡೆ ಗಾಡಿ ನಿಲ್ಲಿಸಿ ಫೋನು ಕೈಗೆತ್ತಿಕೊಂಡ. ಅಷ್ಟಕ್ಕೇ ಫೋನು ಮಾಡುವುದೇ ಎನ್ನಿಸಿ ಒಳಗಿಟ್ಟು ಮತ್ತೆ ಹೊರಟ.

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಮೆಟ್ಟಿಲ ಕೆಳಗೆ ನಿಲ್ಲಿಸಿ ಲಾಕ್ ಮಾಡಿದ. ದೂರದಿಂದ ಬಂದ ಗಾಡಿ, ಫ್ಯಾನು ಸ್ವಲ್ಪ ತಿರುಗಿತು, ನಿಂತಿತು. ಡ್ರಾಯಿಂಗ್ ಟೀಚರು ಕೆಮ್ಮಿ ಇಣುಕಿ, “ಸರಿಹೋಯ್ತಾ?” ಅಂದರು. “ಸರಿಹೋಯ್ತು” ಅಂದ. ಅವರು ಬಾಗಿಲು ಹಾಕಿಕೊಂಡರು. ಇನ್ನು ಅವರೂ ಕೇಳುವುದಕ್ಕೇನಿಲ್ಲ ಎಂದು ಅವನಿಗೆ ಹೊಳೆಯಿತು. ಆದರೂ ಮೇಲೆ ಹೋಗದೆ ಮೆಟ್ಟಿಲ ಮೇಲೆ ಕೂತು ಫೋನು ಮಾಡಿದ. ಭಾವ ಎತ್ತಿದರು.

“ಮುಟ್ಟಿದೆ ಭಾವ. ಅಕ್ಕ?”

“ಪಕ್ಕದ ಬೀದೀಲಿ ಯಾರದೋ ಕಿಟಕಿ ಅಳತೆ ತಗೊಳ್ಳೋಕೆ ಹೋಗಿದ್ದಾಳೆ. ಫ್ಯಾನು?”

“ನಿಂತಿತು.”

“ಲಾಕ್ ಮಾಡಿ ನೋಡಿದ್ಯಾ?”

“ಮಾಡಿದೆ.”

ಅಲ್ಲಿಗೆ ಮಾತು ಮುಗಿಯಬೇಕಿತ್ತು. ಇಬ್ಬರೂ ಇಡಲಿಲ್ಲ. ಆ ಕಡೆ ಯಾವುದೋ ಸ್ಪ್ಯಾನರು ಕಲ್ಲಿನ ಮೇಲೆ ಇಟ್ಟ ಸದ್ದು ಕೇಳಿತು.

“ನಾನು ಈ ಮನೇಲಿ ಬಹಳ ವರ್ಷ ಒಬ್ಬನೇ ಇದ್ದೆ” ಅಂದರು ಭಾವ. “ಅವಳನ್ನ ಕರ್ಕೊಂಡು ಬರೋವಾಗ ಒಂದು ಯೋಚನೆ ಬಂದಿತ್ತು, ಆ ಕಡೆ ಇನ್ನೊಬ್ಬರು ಈಗ ಹಂಗೇ ಆಗ್ತಾರಲ್ಲ ಅಂತ. ಬಂದಿತ್ತು. ಆಮೇಲೆ ನನ್ನ ಸಂತೋಷದಲ್ಲಿ ಮರೆತುಹೋಯ್ತು.”

“ಇರಲಿ ಭಾವ” ಅಂದ.

“ಅಭ್ಯಾಸ ಆಗುತ್ತೆ ಅಂತ ಹೇಳೋಲ್ಲ. ನನಗೆ ಆಗಲಿಲ್ಲ.”

“ಹೂಂ.”

“ಊಟ ಬಿಸಿ ಮಾಡ್ಕೋ. ತಣ್ಣಗೆ ತಿನ್ನಬೇಡ.”

“ಸರಿ. ಭಾವ, ಅಕ್ಕ ಬಂದ ಮೇಲೆ ಒಂದು ಮಾತು ಹೇಳಿ. ತಪ್ಪಾಗಲಿಲ್ಲ ಅಂದ ಅಂತ ಹೇಳಿ. ಅವಳಿಗೆ ಗೊತ್ತಾಗುತ್ತೆ.”

“ತಪ್ಪಾಗಲಿಲ್ಲ. ಅಷ್ಟೇನಾ?”

“ಅಷ್ಟೇ.”

“ಹೇಳ್ತೀನಿ. ಇಡಲಾ?”

“ಇಡಿ ಭಾವ.”

ಮೇಲೆ ಹತ್ತಿ ದೀಪ ಹಾಕಿದ. ಡಬ್ಬಿಯ ಊಟವನ್ನು ಪಾತ್ರೆಗೆ ಸುರಿದು ಸಣ್ಣ ಉರಿಯಲ್ಲಿಟ್ಟ. ಬೆರಳುಗಳಿಗೆಲ್ಲ ಟೇಪಿನ ಕಪ್ಪು ಅಂಟು ಮೆತ್ತಿತ್ತು. ಸೋಪಿಗೆ ಹೋಗಲಿಲ್ಲ, ಎಣ್ಣೆ ಹಚ್ಚಿದರೂ ಪೂರ್ತಿ ಹೋಗಲಿಲ್ಲ. ನಲ್ಲಿಯ ಕೆಳಗೆ ಕೈ ಹಿಡಿದು, ಒಂದೊಂದೇ ಬೆರಳು ಉಜ್ಜುತ್ತ, ಊಟ ಬಿಸಿಯಾಗುವವರೆಗೆ ಹಾಗೇ ನಿಂತಿದ್ದ.